ಒತ್ತಿದಾಗ ಬಲಕ್ಕೆ, ಬಿಟ್ಟ ಮೇಲೆ ಎಡಕ್ಕೆ

"ಯಾವಾಗ ಎಳೀತದೆ ಮೇಡಂ? ಬ್ರೇಕ್ ಒತ್ತಿದಾಗಲೋ, ಬಿಟ್ಟ ಮೇಲೋ?"

ಈ ಒಂದು ಪ್ರಶ್ನೆಗೇ ನಾನು ಈ ಗ್ಯಾರೇಜಿಗೆ ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಇಲ್ಲಿಗೆ ಬರುವ ಮುಂಚೆ ಎರಡು ಕಡೆ ಕಾರು ತೋರಿಸಿದ್ದೆ. "ಕಾರು ಒಂದು ಕಡೆ ಎಳೀತಾ ಇದೆ" ಅಂತ ಎರಡೂ ಕಡೆ ಹೇಳಿದ್ದೆ. ಯಾರೂ ಇದನ್ನು ಕೇಳಿರಲಿಲ್ಲ.

ಗ್ಯಾರೇಜು ಇರುವುದು ತೀರ್ಥಹಳ್ಳಿಯಲ್ಲಿ ಸೇತುವೆ ದಾಟಿದ ಮೇಲೆ, ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ. ಬೋರ್ಡಿನ ಬಣ್ಣ ಪೂರ್ತಿ ಹೋಗಿದೆ. ಸುತ್ತಮುತ್ತಲಿನವರು ಮೇಸ್ತ್ರಿ ಗ್ಯಾರೇಜು ಅಂತಾರೆ, ಅಷ್ಟೇ. ಹೆಸರು, ನಂಬರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಈಗ ಇರುವ ಕೆಲಸವೇ ಜಾಸ್ತಿಯಂತೆ. ತಗಡಿನ ಮಾಡು, ಮುಂದೆ ಒಂದು ಹಲಸಿನ ಮರ, ಒಳಗೆ ಎರಡು ಕಾರು ನಿಲ್ಲುವಷ್ಟು ಜಾಗ. ಅರವತ್ತು ದಾಟಿದ ಮೇಸ್ತ್ರಿ, ಜೊತೆಗೆ ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ.

ನನ್ನದು 2009ರ ವ್ಯಾಗನ್ ಆರ್. ಹಳೇ 1061 ಸಿಸಿ ಎಂಜಿನ್ನಿನ ಪೆಟ್ರೋಲ್ ಕಾರು. ಶಿವಮೊಗ್ಗದಲ್ಲಿ ಒಬ್ಬರ ಮನೆಯಿಂದ 1,15,000 ರೂಪಾಯಿಗೆ ತಗೊಂಡೆ. ಆಗ ಮೀಟರಿನಲ್ಲಿ 92,000 ಕಿಲೋಮೀಟರ್ ಇತ್ತು. ಹದಿನೈದು ವರ್ಷ ತುಂಬಿದ್ದರಿಂದ ಆರ್‌ಸಿಯನ್ನು ಮತ್ತೆ ಐದು ವರ್ಷಕ್ಕೆ ಮಾಡಿಸಿದ್ದರು. ಎಂಜಿನ್ ಚೆನ್ನಾಗಿತ್ತು, ತುಕ್ಕು ಇರಲಿಲ್ಲ, ಎಸಿ ತಣ್ಣಗಿತ್ತು. ಬ್ರೇಕ್ ಬಗ್ಗೆ ನಾನು ನೋಡಿದ್ದು ಇಷ್ಟೇ: ಒತ್ತಿದರೆ ನಿಲ್ಲುತ್ತಾ? ನಿಲ್ಲುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಕಾರು ಕೊಂಡಿದ್ದೇ ಅತ್ತೆಯವರನ್ನು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಲು. ತೀರ್ಥಹಳ್ಳಿ, ಮೇಗರವಳ್ಳಿ, ಆಗುಂಬೆ, ಅಲ್ಲಿಂದ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ. ಬೇರೆ ರಸ್ತೆ ಹಿಡಿದರೆ ಸುತ್ತು ಜಾಸ್ತಿ. ಆಗುಂಬೆ ಘಾಟಿ ಇಳಿದವರಿಗೆ ಗೊತ್ತು. ಹದಿನಾಲ್ಕು ತಿರುವು, ಪ್ರತಿಯೊಂದೂ ಹಿಂದೆ ಮಡಚಿದ ಹಾಗೆ. ಎದುರಿಗೆ ಬಸ್ಸು ಬಂದರೆ ನಿಂತು ದಾರಿ ಬಿಡಬೇಕು. ಆ ದಾರಿಯಲ್ಲಿ ಬ್ರೇಕಿನ ಮೇಲೆ ಅನುಮಾನ ಇಟ್ಟುಕೊಂಡು ಓಡಿಸುವುದು ಯಾರಿಗೂ ಬೇಡ.

ಮೊದಲ ಎರಡು ತಿಂಗಳು ಸಣ್ಣ ತೊಂದರೆ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ಕೈಯಲ್ಲಿ ಸ್ವಲ್ಪ ತಿರುಗಿದ ಹಾಗೆ ಆಗುತ್ತಿತ್ತು. ಮೈಲೇಜ್ ಕಡಿಮೆ. ಘಾಟಿ ಇಳಿದ ಮೇಲೆ ಏನೋ ಸುಟ್ಟ ವಾಸನೆ. ಇಳಿಜಾರಲ್ಲಿ ಎಲ್ಲರಿಗೂ ಹೀಗೇ ಇರಬಹುದು ಅಂದುಕೊಂಡೆ. ಆದರೂ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಮುಂದಿನ ಬ್ರೇಕ್ ಪ್ಯಾಡ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ) ಬದಲಿಸಿದರು. ಏನಾಗಿತ್ತು ಅಂತ ಕೇಳಿದರೆ ನನ್ನ ಪಕ್ಕ ನಿಂತಿದ್ದ ಯಜಮಾನರ ಕಡೆ ತಿರುಗಿ "ಪ್ಯಾಡ್ ಹೋಗಿತ್ತು ಸಾರ್" ಅಂದರು. ಯಜಮಾನರಿಗೆ ಕಾರು ಓಡಿಸಲು ಬರುವುದಿಲ್ಲ.

ಆಮೇಲೆ ಆಗಸ್ಟ್ ತಿಂಗಳಿನ ಆ ದಿನ. ಬೆಳಿಗ್ಗೆ ಏಳೂವರೆ. ಸಣ್ಣ ಮಳೆ, ಮಂಜು. ಅತ್ತೆಯವರು ಹಿಂದಿನ ಸೀಟಿನಲ್ಲಿ. ಅರ್ಧಕ್ಕಿಂತ ಹೆಚ್ಚು ತಿರುವು ಇಳಿದಿದ್ದೆ. ಒಂದು ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಕೆಳಗೆ ಹೋಯಿತು. ಹಸಿ ಮಣ್ಣಿನ ಮೇಲೆ ಕಾಲಿಟ್ಟ ಹಾಗೆ. ಬಿಟ್ಟು ಮತ್ತೆ ಒತ್ತಿದೆ. ಸ್ವಲ್ಪ ಹಿಡಿಯಿತು. ಇನ್ನೊಮ್ಮೆ ಒತ್ತಿ, ಎರಡನೇ ಗೇರಿಗೆ, ಆಮೇಲೆ ಒಂದನೇ ಗೇರಿಗೆ ಹಾಕಿದೆ. ಎಂಜಿನ್ ಕೂಗಿಕೊಂಡಿತು, ಕಾರು ನಿಧಾನವಾಯಿತು. ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ಗುಡ್ಡದ ಬದಿಗೆ ನಿಲ್ಲಿಸಿದೆ.

ಇಳಿದು ನೋಡಿದರೆ ಮುಂದಿನ ಎಡ ಚಕ್ರದಿಂದ ಹೊಗೆ. ಮಳೆ ಹನಿ ಬಿದ್ದರೆ ಚುಯ್ ಅನ್ನುತ್ತಿತ್ತು. ಮುಂದಿನ ಬಲ ಚಕ್ರ ಬಿಸಿ ಇತ್ತು, ಆದರೆ ಹತ್ತಿರ ಕೈ ಹಿಡಿಯಬಹುದಿತ್ತು. ಹಿಂದಿನಿಂದ ಬಂದ ಪಿಕಪ್ ಗಾಡಿಯವರು ನಿಲ್ಲಿಸಿ, ಬಾಟಲಿಯಲ್ಲಿ ನೀರು ತಂದು ಚಕ್ರಕ್ಕೆ ಸುರಿಯಲು ಬಂದರು. ಅವರ ಜೊತೆಗಿದ್ದ ಹಿರಿಯರು ತಡೆದರು. ಕಾದ ಡಿಸ್ಕಿಗೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು, ಸೊಟ್ಟಗಾಗಬಹುದು ಅಂದರು. ಅವರ ಮಾತು ಸರಿ. ಮುಕ್ಕಾಲು ಗಂಟೆ ಕಾದೆವು. ಪೆಡಲ್ ಮತ್ತೆ ಗಟ್ಟಿಯಾಯಿತು. ಒಂದನೇ ಗೇರಿನಲ್ಲೇ ಸೋಮೇಶ್ವರದ ತನಕ ಇಳಿದು, ಕಾರು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದೆವು.

ಮಾರನೇ ದಿನ ಇನ್ನೊಂದು ಕಡೆ ತೋರಿಸಿದೆ. ಅವರು ಕಾರನ್ನು ನಿಂತಲ್ಲೇ ನೋಡಿದರು. ಪೆಡಲ್ ನಾಲ್ಕು ಸಲ ಒತ್ತಿ, ಮಾಸ್ಟರ್ ಸಿಲಿಂಡರ್ (ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಭಾಗ) ಹೋಗಿದೆ, ಎಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹೋಗಿದೆ, ಬೂಸ್ಟರ್ (ಕಾಲಿನ ಬಲ ಹೆಚ್ಚಿಸುವ ಭಾಗ) ಕೂಡ ಬದಲಿಸುವುದು ಒಳ್ಳೆಯದು, 14,000 ಆಗುತ್ತೆ ಅಂದರು. ಯಾಕೆ ಅಂತ ಕೇಳಿದೆ. "ಹಳೇ ಗಾಡಿ ಅಲ್ವಾ" ಅಂದರು.

ಹಳೇ ಗಾಡಿ ಅನ್ನುವುದು ಕಾರಣ ಆಗುವುದಿಲ್ಲ. ಆ ಮೂರೂ ಭಾಗ ಬದಲಿಸಿದ್ದರೂ ನನ್ನ ಕಾರಿನ ತೊಂದರೆ ಹಾಗೇ ಉಳಿಯುತ್ತಿತ್ತು. ಅದನ್ನು ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ದುಡ್ಡು ಹೋಗುವುದು ಒಂದು. ಎಲ್ಲಾ ಹೊಸದು ಹಾಕಿಸಿದ್ದೇವೆ ಅನ್ನುವ ಧೈರ್ಯದಲ್ಲಿ ಅದೇ ಘಾಟಿಗೆ ಮತ್ತೆ ಇಳಿಯುತ್ತಿದ್ದೆ, ಅದು ಇನ್ನೊಂದು.

ಸಹೋದ್ಯೋಗಿಯೊಬ್ಬರು ಈ ಮೇಸ್ತ್ರಿ ಬಗ್ಗೆ ಹೇಳಿದರು. ಹೋದೆ. ಅವರು ಬಾನೆಟ್ ಎತ್ತಲಿಲ್ಲ. ಸ್ಟೂಲ್ ಹಾಕಿ ಕೂರಿಸಿ, ಮೊದಲಿಂದ ಹೇಳಿ ಅಂದರು. ಮೈಲೇಜು, ವಾಸನೆ, ಘಾಟಿ, ಎಲ್ಲಾ ಹೇಳಿದೆ. ಆಮೇಲೆ ಆ ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. "ಬನ್ನಿ, ನೀವೇ ಓಡಿಸಿ, ನಾನು ಪಕ್ಕ ಕೂರ್ತೇನೆ" ಅಂದರು.

ಕೊಪ್ಪ ರಸ್ತೆಯಲ್ಲಿ ನೇರ ಇರುವ ಕಡೆ, ಹಿಂದೆ ಮುಂದೆ ಗಾಡಿ ಇಲ್ಲದಾಗ, ನಲವತ್ತರ ವೇಗದಲ್ಲಿ ಬ್ರೇಕ್ ಒತ್ತಿಸಿದರು. ಸ್ಟೇರಿಂಗ್ ಸಡಿಲ ಹಿಡಿಯಲು ಹೇಳಿದರು. ಒತ್ತಿದ ತಕ್ಷಣ ಕಾರು ಬಲಕ್ಕೆ ವಾಲಿತು. ಬ್ರೇಕ್ ಬಿಟ್ಟು ಮುಂದೆ ಹೋದರೆ ಮೆಲ್ಲಗೆ ಎಡಕ್ಕೆ ಎಳೆಯಲು ಶುರು ಮಾಡಿತು. ಮೂರು ಸಲವೂ ಹೀಗೇ. ಇಷ್ಟು ತಿಂಗಳು ಓಡಿಸಿದರೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಮೇಸ್ತ್ರಿ ತಲೆ ಆಡಿಸಿ, "ಎಡಗಡೆಗೆ ಆಯಿಲ್ ಹೋಗೋದೂ ತಡ, ವಾಪಸ್ ಬರೋದೂ ತಡ" ಅಂದರು. ಅಲ್ಲಿಗೇ ಅವರಿಗೆ ಅರ್ಧ ಗೊತ್ತಾಗಿತ್ತು ಅಂತ ನನಗೆ ಈಗ ಅನಿಸುತ್ತದೆ. ಆದರೆ ಅವರು ಗೊತ್ತಾಯಿತು ಅಂತ ಹೇಳಲಿಲ್ಲ. ಪರೀಕ್ಷೆ ಮಾಡಿದರು.

ವಾಪಸ್ ಬಂದ ಕೂಡಲೇ, ಆರುವ ಮುಂಚೆ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದರು. ಮುಟ್ಟಬಾರದು, ಹತ್ತಿರ ಹಿಡಿದರೆ ಸಾಕು. ಮುಂದಿನ ಎಡ ಚಕ್ರದ ಬಿಸಿ ಬೇರೆಯದೇ ಇತ್ತು. ನೀವೂ ಹಳೇ ಕಾರು ಕೊಳ್ಳುವುದಿದ್ದರೆ ಇದನ್ನು ಮಾಡಿ. ಎಂಟು ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ, ನಿಲ್ಲಿಸಿ, ನಾಲ್ಕೂ ಕಡೆ ನೋಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ ಅಂತ ಅನುಮಾನ ಪಡಿ. ಖರ್ಚಿಲ್ಲದ ಪರೀಕ್ಷೆ.

ಈಗ ಎಡ ಚಕ್ರವನ್ನು ಜಾಕ್ ಹಾಕಿ ಎತ್ತಿದರು, ಕೆಳಗೆ ಸ್ಟ್ಯಾಂಡ್ ಇಟ್ಟರು. ಹುಡುಗ ಬ್ರೇಕನ್ನು ಮೂರು ಸಲ ಜೋರಾಗಿ ಒತ್ತಿ ಬಿಟ್ಟ. ಮೇಸ್ತ್ರಿ ಚಕ್ರ ತಿರುಗಿಸಲು ನೋಡಿದರು. ಕದಲಲಿಲ್ಲ. ನನಗೂ ತಿರುಗಿಸಲು ಹೇಳಿದರು. ಎರಡೂ ಕೈ ಹಾಕಿದರೂ ಆಗಲಿಲ್ಲ.

"ಈಗ ಇದು ಎರಡರಲ್ಲಿ ಒಂದು" ಅಂದರು. ಒಂದೋ ಕ್ಯಾಲಿಪರಿನ ಪಿಸ್ಟನ್ ಅಥವಾ ಅದು ಜಾರುವ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಇಲ್ಲಾ ಒಳಗೆ ಆಯಿಲ್ ಒತ್ತಡ ಹಾಗೇ ನಿಂತಿದೆ. ಮೊದಲನೆಯದಾದರೆ ಆಯಿಲ್ ಬಿಟ್ಟರೂ ಚಕ್ರ ಬಿಡುವುದಿಲ್ಲ. ಎರಡನೆಯದಾದರೆ ಬಿಡುತ್ತದೆ. ಕ್ಯಾಲಿಪರಿನ ಮೇಲೆ ಗಾಳಿ ತೆಗೆಯುವ ಸಣ್ಣ ನಿಪ್ಪಲ್ ಇರುತ್ತದೆ. ಅದಕ್ಕೆ ಒಂದು ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಡಿಲ ಮಾಡಿದರು. ಕಪ್ಪು ಆಯಿಲ್ ಚಿಮ್ಮಿತು. ಚಕ್ರ ತನ್ನಷ್ಟಕ್ಕೆ ಬಿಟ್ಟುಕೊಂಡಿತು. ನಾನು ಒಂದು ಬೆರಳಲ್ಲಿ ತಿರುಗಿಸಿದೆ.

ಕ್ಯಾಲಿಪರ್ ಹೋಗಿದೆ ಅಂತ ಹೇಳಿದ್ದ ಬಿಲ್ಲು ಅಲ್ಲಿಗೆ ಮುಗಿಯಿತು.

ಆದರೆ ಮೇಸ್ತ್ರಿ ಅಲ್ಲಿ ನಿಲ್ಲಿಸಲಿಲ್ಲ. ಒತ್ತಡ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬೇಕಿತ್ತು. ಮಾಸ್ಟರ್ ಸಿಲಿಂಡರಿನಲ್ಲೇ ಇರಬಹುದು, ದಾರಿಯಲ್ಲಿ ಇರಬಹುದು. ನಿಪ್ಪಲ್ ಮುಚ್ಚಿ ಮತ್ತೆ ಬ್ರೇಕ್ ಒತ್ತಿಸಿದರು. ಚಕ್ರ ಮತ್ತೆ ಹಿಡಿಯಿತು. ಈ ಸಲ ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ಜಾಗವನ್ನು ಸಡಿಲ ಮಾಡಿದರು. ಅಲ್ಲಿ ಒಂದೆರಡು ಹನಿ ಬಂತು, ಅಷ್ಟೇ. ಚಕ್ರ ಬಿಡಲಿಲ್ಲ. ಅಂದರೆ ಮಾಸ್ಟರ್ ಸಿಲಿಂಡರಿನಿಂದ ಇಲ್ಲಿಯ ತನಕ ದಾರಿ ಸರಿ ಇದೆ. ಕ್ಯಾಲಿಪರೂ ಸರಿ ಇದೆ. ನಡುವೆ ಉಳಿದಿರುವುದು ಒಂದೂವರೆ ಗೇಣಿನ ರಬ್ಬರ್ ಹೋಸು.

ಹೊರಗಿನಿಂದ ಆ ಹೋಸು ಚೆನ್ನಾಗಿಯೇ ಕಾಣುತ್ತಿತ್ತು. ಬಿರುಕಿಲ್ಲ, ಉಬ್ಬಿಲ್ಲ, ಸೋರಿಲ್ಲ. ಬಿಚ್ಚಿದ ಮೇಲೆ ಉದ್ದಕ್ಕೆ ಸೀಳಿ ತೋರಿಸಿದರು. ಒಳಗಿನ ರಬ್ಬರ್ ಊದಿಕೊಂಡು, ಒಂದು ಕಡೆ ಪದರ ಎದ್ದು, ಬಾಗಿಲಿನ ಹಾಗೆ ಮಡಚಿಕೊಂಡಿತ್ತು. ಕಾಲಿನಿಂದ ಒತ್ತಿದಾಗ ಬೂಸ್ಟರ್ ಸೇರಿ ಜೋರು ಒತ್ತಡ ಬರುತ್ತದೆ, ಆಯಿಲ್ ಆ ಬಾಗಿಲನ್ನು ತಳ್ಳಿಕೊಂಡು ತಡವಾಗಿಯಾದರೂ ಒಳಗೆ ಹೋಗುತ್ತದೆ. ಆ ತಡದಲ್ಲಿ ಬಲ ಚಕ್ರ ಮೊದಲು ಹಿಡಿಯುತ್ತದೆ, ಕಾರು ಬಲಕ್ಕೆ ಹೋಗುತ್ತದೆ. ಬಿಟ್ಟಾಗ ಆಯಿಲನ್ನು ವಾಪಸ್ ತಳ್ಳುವ ಶಕ್ತಿ ಬಹಳ ಕಡಿಮೆ. ಪಿಸ್ಟನ್ನಿನ ಸುತ್ತ ಇರುವ ರಬ್ಬರ್ ಸೀಲು ಒಂದು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ಅದಕ್ಕೆ ಬಾಗಿಲು ತೆರೆಯುವುದಿಲ್ಲ. ಎಡ ಚಕ್ರ ಹಿಡಿದುಕೊಂಡೇ ಇರುತ್ತದೆ, ಕಾರು ಎಡಕ್ಕೆ ಎಳೆಯುತ್ತದೆ. ಮೈಲೇಜ್ ಇಳಿಯುವುದು, ವಾಸನೆ, ಹೊಗೆ, ಎಲ್ಲಾ ಅದೇ.

ಹಾಗಾದರೆ ಪೆಡಲ್ ಮೆತ್ತಗಾಗಿದ್ದು ಯಾಕೆ? ಇದನ್ನು ನಾನೇ ಕೇಳಿದೆ. ಅವರು ನಿಪ್ಪಲಿನಿಂದ ಬಂದ ಕಪ್ಪು ಆಯಿಲನ್ನು ಬೆಳಕಿಗೆ ಹಿಡಿದರು. ಹೊಸ ಬ್ರೇಕ್ ಆಯಿಲ್ ಜೇನಿನ ತೆಳು ಬಣ್ಣ. ಇದು ಡಿಕಾಕ್ಷನ್ ಹಾಗಿತ್ತು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ನಮ್ಮ ಆಗುಂಬೆ ಕಡೆಯ ತೇವ ಬೇರೆ ಕೇಳಬೇಕಾ! ನನ್ನ ಕಾರಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಂತ ಬರೆದಿದೆ. ಆ ದರ್ಜೆಯ ಹೊಸ ಆಯಿಲ್ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ಹೊಗೆಯಾಡುವ ಚಕ್ರದಲ್ಲಿ 140 ಡಿಗ್ರಿ ದೊಡ್ಡ ವಿಷಯ ಅಲ್ಲ. ಆಯಿಲ್ ಕುದಿಯಿತು, ಒಳಗೆ ಆವಿಯ ಗುಳ್ಳೆ ಎದ್ದಿತು. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನನ್ನ ಕಾಲಿನ ಬಲವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಹೋಯಿತು. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ಮಾರನೇ ದಿನ ತಣ್ಣಗಿದ್ದ ಕಾರನ್ನು ನಿಂತಲ್ಲೇ ನೋಡಿದವರಿಗೆ ಏನೂ ಗೊತ್ತಾಗಲು ಸಾಧ್ಯವೇ ಇರಲಿಲ್ಲ.

ಪಾಸ್ಕಲನ ನಿಯಮವನ್ನು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲಾ ಕಡೆಗೂ ಸಮನಾಗಿ ಹರಡುತ್ತದೆ. ಉದಾಹರಣೆಗೆ ಕಾರಿನ ಬ್ರೇಕ್ ಅಂತ ಬೋರ್ಡಿನ ಮೇಲೆ ಬರೆಯುತ್ತೇನೆ. ಆ ಸೀಳಿದ ಹೋಸನ್ನು ಕೇಳಿ ಇಸಕೊಂಡು ಬಂದೆ. ಈಗ ಅದು ನಮ್ಮ ಶಾಲೆಯ ಲ್ಯಾಬಿನಲ್ಲಿದೆ.

ಹೋಸು ಹಾಗಾಗಲು ವಯಸ್ಸು ಒಂದು ಕಾರಣ. ಇನ್ನೊಂದನ್ನು ಮೇಸ್ತ್ರಿ ಬೇಜಾರಿನಿಂದ ಹೇಳಿದರು. ಪ್ಯಾಡ್ ಬದಲಿಸುವಾಗ ಕ್ಯಾಲಿಪರ್ ಬಿಚ್ಚಿ, ಅದನ್ನು ಹೋಸಿನ ಮೇಲೇ ಜೋತು ಬಿಡುವವರು ಇದ್ದಾರೆ. ಅಷ್ಟು ಭಾರ ಹೋಸಿನ ಮೇಲೆ ಬಿದ್ದರೆ ಒಳಪದರ ಹರಿಯುತ್ತದೆ. ಅವರು ಬಿಚ್ಚಿದಾಗ ಕ್ಯಾಲಿಪರನ್ನು ತಂತಿ ಕಟ್ಟಿ ಸ್ಪ್ರಿಂಗಿಗೆ ನೇತು ಹಾಕಿದರು. ಹುಡುಗನಿಗೂ ಅದನ್ನೇ ಕಲಿಸಿದ್ದಾರೆ.

ಎಡಗಡೆಯ ಪ್ಯಾಡ್ ಎರಡೇ ತಿಂಗಳ ಹೊಸದು. ಆದರೂ ಅರ್ಧ ಸವೆದು, ಮೇಲೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಹೀಗೆ ಸುಟ್ಟ ಪ್ಯಾಡ್ ಸರಿಯಾಗಿ ಹಿಡಿಯುವುದಿಲ್ಲವಂತೆ. ಒಂದು ಕಡೆಯದು ಮಾತ್ರ ಬದಲಿಸಿದರೆ ಮತ್ತೆ ಎಳೆತ ಶುರುವಾಗುತ್ತೆ, ಆದ್ದರಿಂದ ಎರಡೂ ಕಡೆ ಹೊಸದು. ಹೋಸೂ ಅಷ್ಟೇ, ಜೋಡಿಯಾಗಿ. ಡಿಸ್ಕಿಗೆ ನೀಲಿ ಬಣ್ಣ ತಿರುಗಿತ್ತು. ವರ್ನಿಯರ್ ಹಿಡಿದು ಸುತ್ತಲೂ ಐದಾರು ಕಡೆ ದಪ್ಪ ಅಳೆದರು, ವ್ಯತ್ಯಾಸ ಇರಲಿಲ್ಲ. ಬದಲಿಸುವುದು ಬೇಡ ಅಂದರು. ಬೇಡ ಅಂತ ಹೇಳುವ ಮೆಕ್ಯಾನಿಕ್ ಸಿಗುವುದು ಕಷ್ಟ.

ಹಿಂದಿನ ಚಕ್ರಗಳಿಗೆ ಡಿಸ್ಕ್ ಇಲ್ಲ, ಡ್ರಮ್ಮಿನ ಒಳಗೆ ಶೂ ಅನ್ನುವ ಪಟ್ಟಿಗಳು ಒತ್ತಿ ಹಿಡಿಯುತ್ತವೆ. ಆ ಡ್ರಮ್ಮುಗಳನ್ನೂ ತೆಗೆಸಿ ನೋಡಿದರು. ಮೊದಲು ನನ್ನನ್ನು ಕೇಳಿ, ಆಮೇಲೆ. ಬಲಗಡೆಯ ವೀಲ್ ಸಿಲಿಂಡರಿನ (ಶೂಗಳನ್ನು ತಳ್ಳುವ ಭಾಗ) ರಬ್ಬರ್ ಟೋಪಿಯನ್ನು ಬೆರಳಿನಿಂದ ಹಿಂದೆ ಸರಿಸಿದರೆ ಒಳಗೆ ಒದ್ದೆ. ಇನ್ನೂ ಹೊರಗೆ ಸೋರಿರಲಿಲ್ಲ. ಸೋರಿದ್ದರೆ ಬ್ರೇಕ್ ಶೂ ಮೇಲೆ ಬಿದ್ದು ಆ ಚಕ್ರ ಹಿಡಿಯುವುದೇ ನಿಲ್ಲುತ್ತಿತ್ತು. ಶೂಗಳೂ ಸವೆದಿದ್ದವು. ನನ್ನ ಹ್ಯಾಂಡ್ ಬ್ರೇಕನ್ನು ತುಂಬಾ ಮೇಲಕ್ಕೆ ಎಳೆಯಬೇಕಾಗುತ್ತಿದ್ದುದಕ್ಕೂ ಅದೇ ಕಾರಣ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹಳೇ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದರ ಧೂಳು ಎದೆಗೆ ಹೋಗಬಾರದು. ಈ ಎಚ್ಚರ ಅವರಲ್ಲಿ ನೋಡಿ ನನಗೆ ಗೌರವ ಬಂತು. ಆ ಹುಡುಗನಿಗೆ ಇನ್ನೂ ನಲವತ್ತು ವರ್ಷ ಇದೇ ಕೆಲಸ ಮಾಡುವುದಿದೆ.

ಮಾಸ್ಟರ್ ಸಿಲಿಂಡರ್ ಮತ್ತು ಬೂಸ್ಟರ್ ಚೆನ್ನಾಗಿವೆ ಅಂತ ಬರೀ ಬಾಯಲ್ಲಿ ಹೇಳಲಿಲ್ಲ. ಕೆಲಸ ಮುಗಿದ ಮೇಲೆ ನನ್ನ ಕೈಯಲ್ಲೇ ಮಾಡಿಸಿ ತೋರಿಸಿದರು. ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಬೇಕು. ಕಾಲು ಹಾಗೇ ಇಟ್ಟುಕೊಂಡು ಸ್ಟಾರ್ಟ್ ಮಾಡಬೇಕು. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಹೋದರೆ ಬೂಸ್ಟರ್ ಸರಿ ಇದೆ. ಹೋಗದಿದ್ದರೆ ಬೂಸ್ಟರನ್ನೋ ಅದಕ್ಕೆ ಎಂಜಿನ್ನಿನಿಂದ ಬರುವ ವ್ಯಾಕ್ಯೂಮ್ ಪೈಪನ್ನೋ ನೋಡಬೇಕು. ಇನ್ನು ಎಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಸಮ ಒತ್ತಿ ಅರ್ಧ ನಿಮಿಷ ಹಿಡಿದಿರಬೇಕು. ಎಲ್ಲೂ ಸೋರದೇ ಇದ್ದರೂ ಪೆಡಲ್ ನಿಧಾನವಾಗಿ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು ಹೋಗಿದೆ. ಮೊದಲ ಸಲ ಒತ್ತಿದಾಗ ಕೆಳಗೆ ಹೋಗಿ, ಎರಡನೇ ಸಲಕ್ಕೆ ಮೇಲೆ ಬಂದು ನಿಂತರೆ ಹಿಂದಿನ ಶೂ ಸವೆದಿರುವ, ಅಡ್ಜಸ್ಟ್ ಇಲ್ಲದಿರುವ ಸಾಧ್ಯತೆ ಜಾಸ್ತಿ. ಒತ್ತಿದಾಗ ಪೆಡಲ್ ಕಾಲಿಗೆ ತಟ್ಟಿದ ಹಾಗೆ ನಡುಗಿದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ. ಶಿವಮೊಗ್ಗದಲ್ಲಿ ಕಾರು ನೋಡಲು ಹೋದ ದಿನ ಇದರಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ. ಎಲ್ಲಾ ಸೇರಿ ಐದು ನಿಮಿಷದ ಕೆಲಸ.

ಬ್ರೇಕ್ ಆಯಿಲ್ ಡಬ್ಬಿಯ ಬಗ್ಗೆಯೂ ಒಂದು ಮಾತು ಹೇಳಿದರು. ಪ್ಯಾಡ್ ಸವೆದಷ್ಟೂ ಡಬ್ಬಿಯಲ್ಲಿ ಆಯಿಲ್ ಮಟ್ಟ ಇಳಿಯುತ್ತದೆ. ಕಾರಣ ನೋಡದೆ ಮೇಲಿಂದ ಸುರಿದು ತುಂಬಿಸಿದರೆ ಆ ಸೂಚನೆ ಮುಚ್ಚಿಹೋಗುತ್ತದೆ. ಹಳೇ ಕಾರಿನಲ್ಲಿ ಡಬ್ಬಿ ತುಂಬಾ ಇದ್ದು ಆಯಿಲ್ ಕಪ್ಪಾಗಿದ್ದರೆ, ಯಾರೋ ಸುಮ್ನೆ ತುಂಬಿಸುತ್ತಾ ಬಂದಿದ್ದಾರೆ ಅಂತ ಅನುಮಾನ ಪಡಬೇಕು. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಿಸಿ ಅಂದರು. ಬಣ್ಣಕ್ಕೆ ಬಿದ್ದರೆ ಪೇಂಟ್ ತಿನ್ನುತ್ತದೆ, ಅದಕ್ಕೆ ಫೆಂಡರ್ ಮೇಲೆ ಹಳೇ ಬೆಡ್‌ಶೀಟ್ ಹಾಸಿದ್ದರು.

ಗಾಳಿ ತೆಗೆಯುವಾಗ ಪೆಡಲ್ ಒತ್ತುವ ಕೆಲಸ ನನ್ನದಾಯಿತು. "ಒತ್ತಿ... ಹಿಡ್ಕೊಳಿ... ಬಿಡಿ" ಅಂತ ಕೆಳಗಿಂದ ಹುಡುಗ ಕೂಗುತ್ತಿದ್ದ. ಮಾಸ್ಟರ್ ಸಿಲಿಂಡರಿಗೆ ದೂರ ಇರುವ ಹಿಂದಿನ ಎಡ ಚಕ್ರ ಮೊದಲು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಶುರು ಮಾಡುವ ಮುಂಚೆ ಮೇಸ್ತ್ರಿ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರು. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪೆಡಲನ್ನು ನೆಲಕ್ಕೆ ಮುಟ್ಟುವ ತನಕ ಒತ್ತಿದರೆ, ಸೀಲು ಯಾವತ್ತೂ ಹೋಗದ ಜಾಗಕ್ಕೆ ಹೋಗುತ್ತದೆ. ಅಲ್ಲಿ ಕೊಳೆ, ತುಕ್ಕು ಕೂತಿರುತ್ತದೆ. ಸೀಲು ಹರಿದು, ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಕೆಟ್ಟುಹೋಗುತ್ತದೆ. ಒಂದು ಮರದ ತುಂಡಿನಿಂದ ನಾಲ್ಕೈದು ಸಾವಿರ ಉಳಿಯಿತು ಅನ್ನಿ.

ಬಿಲ್ಲನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಕೊಟ್ಟರು. ಮುಂದಿನ ಎರಡು ಹೋಸಿಗೆ 760, ಪ್ಯಾಡ್ ಸೆಟ್ 1,150, ವೀಲ್ ಸಿಲಿಂಡರ್ 420, ಹಿಂದಿನ ಶೂ ಸೆಟ್ 780, ಆಯಿಲ್ 460, ಕೂಲಿ 1,500. ಒಟ್ಟು 5,070 ರೂಪಾಯಿ. ಹಳೇ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟಿದ್ದರು. ಹೊಸ ಭಾಗಗಳ ಡಬ್ಬಿಗಳೂ ಬೆಲೆಯ ಚೀಟಿ ಸಮೇತ ಅಲ್ಲೇ ಇದ್ದವು.

ಇನ್ನು ಕೊರತೆ ಹೇಳಬೇಕು. ಎರಡು ದಿನ ಆಯಿತು. ಹೋಸು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರಬೇಕಿತ್ತು. ಸಂಜೆ ಬಸ್ಸಿಗೆ ಬರುತ್ತೆ ಅಂದಿದ್ದು ಮಾರನೇ ಬೆಳಿಗ್ಗೆ ಬಂತು. ಮುಂಚೆ ಫೋನ್ ಮಾಡಿ ಸಮಯ ತಗೊಳ್ಳುವ ಪದ್ಧತಿ ಇಲ್ಲ, ಹೋಗಿ ಕಾಯಬೇಕು. ಹೆಂಗಸರಿಗೆ ಶೌಚಾಲಯ ಇಲ್ಲ. ಇದನ್ನು ನಾನು ಅವರಿಗೇ ಹೇಳಿದ್ದೇನೆ. ಕಾರ್ಡ್ ನಡೆಯುವುದಿಲ್ಲ, ಫೋನ್‌ನಲ್ಲಿ ಕಳಿಸಬಹುದು. ವಾರಂಟಿ ಕಾಗದ ಇಲ್ಲ. ಜಿಎಸ್‌ಟಿ ಬಿಲ್ ಬೇಕಾದವರಿಗೆ ಇದು ಸರಿಹೋಗುವುದಿಲ್ಲ.

ಹೊಸ ಕಾರುಗಳನ್ನೂ ಇಲ್ಲಿಗೆ ತರಬೇಡಿ. 2019ರ ಏಪ್ರಿಲ್‌ನಿಂದ ಎಲ್ಲಾ ಹೊಸ ಕಾರಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ. ಅದರ ಲೈಟ್ ಹತ್ತಿದರೆ ನೋಡಲು ಸ್ಕ್ಯಾನರ್ ಬೇಕು, ಇವರ ಹತ್ತಿರ ಇಲ್ಲ. "ಅದು ನನಗೆ ಬರೋದಿಲ್ಲ, ಕಂಪನಿಗೆ ಹೋಗಿ" ಅಂತ ನನ್ನ ಎದುರಿಗೇ ಒಬ್ಬರನ್ನು ವಾಪಸ್ ಕಳಿಸಿದರು. ನನ್ನಂಥ ಹಳೇ ಮಾರುತಿ, ಸ್ಯಾಂಟ್ರೋ, ಓಮ್ನಿ, ಜೀಪು ಇರುವವರಿಗೆ ಮಾತ್ರ ಈ ಜಾಗ.

ಹೊರಡುವಾಗ ಮೇಸ್ತ್ರಿ ನನ್ನ ಓಡಿಸುವ ಅಭ್ಯಾಸದ ಬಗ್ಗೆಯೂ ಹೇಳಿದರು. ಮುಖ ಮುರಿದ ಹಾಗೆ ಅಲ್ಲ, ಮನೆಯ ಹಿರಿಯರು ಹೇಳಿದ ಹಾಗೆ. "ಯಾವ ಗೇರಲ್ಲಿ ಘಾಟಿ ಹತ್ತುತ್ತೀರೋ ಅದೇ ಗೇರಲ್ಲಿ ಇಳೀಬೇಕು ಮೇಡಂ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಒಳ್ಳೇ ಬ್ರೇಕೂ ಕಾಯ್ತದೆ." ನಾನು ಮೂರನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುತ್ತಿದ್ದೆ. ಈಗ ಎರಡನೇ ಗೇರು. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒಮ್ಮೆ ಒತ್ತಿ, ಪೂರ್ತಿ ಬಿಡುತ್ತೇನೆ.

ಆಮೇಲೆ ಮೂರು ಸಲ ಆಗುಂಬೆ ಘಾಟಿ ಇಳಿದಿದ್ದೇವೆ. ಮೂರು ಸಲವೂ ಸೋಮೇಶ್ವರದಲ್ಲಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಮುಂದಿನ ಎರಡೂ ಒಂದೇ ಬಿಸಿ. ಲೀಟರಿಗೆ ಹನ್ನೊಂದಕ್ಕೆ ಇಳಿದಿದ್ದ ಮೈಲೇಜ್ ಹದಿನಾಲ್ಕರ ಮೇಲೆ ಬಂದಿದೆ.

ನೀವು ಹೋಗುವುದಿದ್ದರೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಭಾನುವಾರ ಮಧ್ಯಾಹ್ನದ ಮೇಲೆ ಇರುವುದಿಲ್ಲ. ಬ್ರೇಕ್ ತೊಂದರೆ ಯಾವಾಗ ಬರುತ್ತೆ, ತಣ್ಣಗಿದ್ದಾಗಲೋ ಕಾದಾಗಲೋ, ಒತ್ತಿದಾಗಲೋ ಬಿಟ್ಟ ಮೇಲೋ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕೇಳಿಯೇ ಕೇಳುತ್ತಾರೆ. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಬಿಳಿ ಟೇಪ್ ಅಂಟಿಸಿ, ಬದಲಿಸಿದ ತಾರೀಕನ್ನು ಪೆನ್ನಿನಲ್ಲಿ ಬರೆದು ಕಳಿಸುತ್ತಾರೆ. ನನ್ನ ಕಾರಿನಲ್ಲಿ ಆ ತಾರೀಕಿನ ಕೆಳಗೆ ಇನ್ನೊಂದು ಸಾಲಿದೆ: "ಹಿಂದಿನ ಹೋಸ್ ಹಳೇದು." ಅದಕ್ಕೆ ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದಾರೆ.